ಕಳ್ಳನಿಗೊಬ್ಬ ತಮ್ಮ

ನಾನು ಒಂದು ಡಿವಿಡಿ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ನನ್ನ ಹೊಟ್ಟೆಯೊಳಗಿರುವುದು ಲಂಡನ್ನಿನ ಒಬ್ಬ ಕಳ್ಳನ ಹಳೆಯ ಕಪ್ಪು-ಬಿಳುಪು ಸಿನಿಮಾ. ಬೂಸ್ಟು ಹಿಡಿದ ರೀಲುಗಳನ್ನು ಡಬ್ಬಿಯಿಂದ ತೆಗೆದು, ಒಂದೊಂದೇ ಗೀರು ಅಳಿಸಿ, ಹೊಸದಾಗಿ ನನ್ನನ್ನು ಮಾಡಿದರು. ದನಿ ಸರಿಮಾಡಲಿಕ್ಕೇ ಒಂದು ವರ್ಷ ಹಿಡಿಯಿತಂತೆ! ಕಳ್ಳನ ಬೂಟಿನ ಸಪ್ಪಳ ಕೂಡ ಎಷ್ಟು ಸ್ವಚ್ಛ! ನನಗೆ ಅದರದ್ದೇ ಜಂಬ. ಕಿವಿ ಕೇಳದವರಿಗೆಂದು ಕೆಳಗೆ ಇಂಗ್ಲಿಷ್ ಅಕ್ಷರಗಳನ್ನೂ ಹಾಕಿದ್ದರು. ಅವನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಧಾರವಾಡದ ಪ್ರೊಫೆಸರ್ ಹೊಂಬಳ ನನ್ನನ್ನು ತರಿಸಿ ಎರಡು ಸಲ ನೋಡಿದರು. ಮನೆ ಖಾಲಿ ಮಾಡುವಾಗ ಪ್ಲೇಯರ್ ಸಮೇತ ಹುಬ್ಬಳ್ಳಿಯ ಗುರುಪಾದಪ್ಪನಿಗೆ ಕೊಟ್ಟರು. ಅವರ ಪುಸ್ತಕಗಳಿಗೆ ಪ್ರೆಸ್ಸಿನಲ್ಲಿ ಇಂಗ್ಲಿಷ್ ಅಚ್ಚುಮೊಳೆ ಜೋಡಿಸಿದವನು ಅವನೇ; ಜೋಡಿಸುತ್ತಲೇ ಇಂಗ್ಲಿಷ್ ಓದಲು ಕಲಿತವನು. ನನ್ನ ಡಬ್ಬಿಯ ಮೇಲೆ ಟೊಪ್ಪಿಗೆ ಹಾಕಿದ ಕಳ್ಳನ ಮುಖ ಕಂಡದ್ದೇ ತಡ, ನನ್ನನ್ನು ಎದೆಗೆ ಒತ್ತಿಕೊಂಡ. ಮನೆಗೆ ಹೋದ ಮೇಲೆ ಗೊತ್ತಾಯಿತು, ಅವನಿಗೆ ಹುಟ್ಟಿದಾಗಿನಿಂದ ಕಿವಿ ಕೇಳದು. ಅಯ್ಯೋ ನನ್ನ ಕರ್ಮವೇ!

ಚಿಕ್ಕವನಿದ್ದಾಗ ಇದೇ ಸಿನಿಮಾಕ್ಕೆ ಅಣ್ಣ ಈರಣ್ಣ ಅವನನ್ನು ಕರೆದೊಯ್ದಿದ್ದ. ಪಕ್ಕದಲ್ಲಿ ಕೂತು ಕತೆಯನ್ನೆಲ್ಲ ಕೈಸನ್ನೆಯಲ್ಲಿ ಹೇಳಿದ್ದ. ಅವನು ಹೇಳಿದ ಪ್ರಕಾರ, ದೀಪದ ಕಂಬದ ಬಳಿ ಎರಡು ಸಲ ಬಂದು ನಿಲ್ಲುವ ಬಡಕಲು ಯುವಕ ಕಳ್ಳನ ತಮ್ಮ, ಕಿವಿ ಕೇಳದವನು. ಅವನ ಔಷಧಕ್ಕಾಗಿಯೇ ಕಳವು. ಕೊನೆಗೆ ಮಂಜಿನಲ್ಲಿ ಕಳ್ಳ ಹತ್ತುವುದು ಹಡಗಿನ ಮೆಟ್ಟಿಲು. ಅಣ್ಣತಮ್ಮ ಇಬ್ಬರೂ ಪಾರಾಗುತ್ತಾರೆ. ಈರಣ್ಣ ತೀರಿಹೋಗಿ ವರ್ಷವಾಗಿತ್ತು. ಆ ತಮ್ಮನ ಮಾತುಗಳನ್ನು ಒಮ್ಮೆ ತಾನೇ ಓದಬೇಕೆಂಬ ಆಸೆ ಗುರುಪಾದಪ್ಪನಿಗೆ.

ಒಂದು ಮಧ್ಯಾಹ್ನ ನನ್ನನ್ನು ಹಾಕಿದ. ಯುವಕ ಬಂದ, ಅಕ್ಷರ ಮೂಡಿತು. ಅವನು ಪೊಲೀಸರಿಗೆ ಸುದ್ದಿ ಕೊಡುವವನು! ಗುರುಪಾದಪ್ಪ ಹಿಂದಕ್ಕೆ ಸರಿಸಿ ಮತ್ತೆ ಓದಿದ. ಅದೇ. ಕೊನೆಗೆ ಕಳ್ಳ ಹತ್ತುವುದು ಹಡಗಿನದಲ್ಲ, ಗಲ್ಲುಗಂಬದ ಮೆಟ್ಟಿಲು. ಚಹಾ ತಂದ ಅತ್ತಿಗೆ ನೀಲವ್ವನಿಗೆ ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದ: ‘ಅಣ್ಣ ಸುಳ್ಳು ಹೇಳಿದ. ಇವ ತಮ್ಮ ಅಲ್ಲ.’

ನೀಲವ್ವ ಓದಿ ನಕ್ಕಳು, ಕಣ್ಣು ಒರೆಸಿಕೊಂಡಳು. ಬಾಯಲ್ಲೂ ಕೈಯಲ್ಲೂ ಒಟ್ಟಿಗೇ ಹೇಳಿದಳು: “ನಿಮ್ಮಣ್ಣಾರಿಗೆ ಇಂಗ್ಲಿಷ್ ಎಲ್ಲಿ ಬರತಿತ್ತು, ಗುರುಪಾದಪ್ಪಾ? ನೀ ಒಬ್ಬನ ಸುಮ್ಮನ ಕೂಡಬಾರದಂತ ತಾವ ಕತಿ ಕಟ್ಟಿ ಹೇಳ್ಯಾರ.”

ಅವನು ನನ್ನನ್ನು ಹೊರಗೆಳೆದು ಡಬ್ಬಿಯೊಳಗೆ ಹಾಕಿ ಮುಚ್ಚಿದ. ಬಹಳ ದಿನ ಮುಟ್ಟಲಿಲ್ಲ. ಸಿಟ್ಟು ನನ್ನ ಮೇಲೋ, ಅಣ್ಣನ ಮೇಲೋ, ಯಾರಿಗೆ ಗೊತ್ತು!

ಈಗ ನೀಲವ್ವನೂ ಇಲ್ಲ. ನನಗೂ ವಯಸ್ಸಾಯಿತು, ಮೈಮೇಲೆ ಗೀರು ಬಿದ್ದು ಅಲ್ಲಲ್ಲಿ ನಿಂತುಬಿಡುತ್ತೇನೆ. ನನ್ನ ದನಿಯನ್ನು ಈ ಮನೆಯಲ್ಲಿ ಯಾರೂ ಕಿವಿಗೊಟ್ಟು ಕೇಳಲಿಲ್ಲ. ಆದರೂ ಆಗೊಮ್ಮೆ ಈಗೊಮ್ಮೆ ಗುರುಪಾದಪ್ಪ ನನ್ನನ್ನು ಹಾಕುತ್ತಾನೆ, ಅಕ್ಷರಗಳು ಬಾರದಂತೆ ಮಾಡಿ. ಕಂಬದ ಬಳಿ ಯುವಕ ಬಂದಾಗ ಪಕ್ಕದ ಖಾಲಿ ಜಾಗದ ಕಡೆ ತಿರುಗಿ, ‘ಇವನ್ಯಾರು?’ ಎಂದು ಕೈಯಲ್ಲಿ ಕೇಳುತ್ತಾನೆ. ಸ್ವಲ್ಪ ಹೊತ್ತು ಕಾಯುತ್ತಾನೆ. ಆಮೇಲೆ ತನ್ನ ಕೈಯಿಂದ ತಾನೇ ಉತ್ತರ ಹೇಳಿಕೊಳ್ಳುತ್ತಾನೆ: ‘ತಮ್ಮ.’