ಇಂಪನಾಗೊಂದು ಖೋ

ಇಂಪನಾ ಕುರ್ಚಿಯಿಂದ ಏಳಲಾರದೆ ಹೋದದ್ದು ಶಿವಮೊಗ್ಗದ ಸೊಸೈಟಿ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ. ಮಂಡಿಯ ಆಪರೇಷನ್ ಆಗಿ ವರ್ಷ ಕಳೆದಿತ್ತು. ಇನ್ನು ಖೋ ಖೋ ಆಡುವಂತಿಲ್ಲ, ಓಡಾಟಕ್ಕೆ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಆದರೂ ಊಟದ ಹೊತ್ತಿಗೆ ಮೈ ಮೇಲೇಳಲು ಒಪ್ಪಲಿಲ್ಲ. ಸಾಲದ್ದಕ್ಕೆ ಆಟದ ಸಾಲಿನಲ್ಲಿ ಕೂರುವಂತೆ ಕುರ್ಚಿಯನ್ನು ಅಕ್ಕಪಕ್ಕದವರಿಗೆ ವಿರುದ್ಧವಾಗಿ ತಿರುಗಿಸಿಕೊಂಡಿದ್ದಳು. ಬಂದ ಗಿರಾಕಿಗಳಿಗೆಲ್ಲ ಅವಳ ಜಡೆಯ ದರ್ಶನ.

"ಏನಮ್ಮಾ ಇದು?" ಎಂದರು ಮ್ಯಾನೇಜರ್ ಭೈರಪ್ಪ.

"ಸಾರ್, ಹಿಂದಿಂದ ಮುಟ್ಟಿ ಯಾರಾದ್ರೂ ಖೋ ಅನ್ಬೇಕು. ಅಲ್ಲೀತನಕ ಏಳೋ ಹಾಗಿಲ್ಲ."

ಅಷ್ಟೇ ತಾನೆ ಎಂದು ಭೈರಪ್ಪ ಫೈಲಿನ ತುದಿ ಅವಳ ಬೆನ್ನಿಗೆ ತಾಗಿಸಿ "ಖೋ" ಎಂದರು. ಇಂಪನಾ ಚಂಗನೆ ಎದ್ದಳು.

"ಈಗ ನೀವು ನನ್ನ ಜಾಗದಲ್ಲಿ ಕೂರ್ಬೇಕು ಸಾರ್. ರೂಲ್ಸು."

ಭೈರಪ್ಪ ಜನ್ಮದಲ್ಲಿ ರೂಲ್ಸು ಮುರಿದವರಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಕೂತರು. ಅವರನ್ನು ಎಬ್ಬಿಸಲು ಹೋಗಿ ಕ್ಯಾಷಿಯರ್ ಈಶ್ವರಮ್ಮ ಕೂತರು, ಅವರನ್ನು ಎಬ್ಬಿಸಲು ಹೋಗಿ ಅಟೆಂಡರ್ ಕೂತ. ಸಂಜೆಯ ಹೊತ್ತಿಗೆ ಅಡಿಕೆ ಸಾಲ ಕೇಳಲು ಬಂದಿದ್ದ ಜಟ್ಟಪ್ಪ ಖಾಲಿ ಬಿದ್ದ ಮ್ಯಾನೇಜರ್ ಕುರ್ಚಿಯಲ್ಲಿ ಕೂತು, ತನ್ನ ಸಾಲವನ್ನು ತಾನೇ ಮಂಜೂರು ಮಾಡಿಕೊಂಡಿದ್ದ.

"ನಾಳೆ ನೀನಾಗೇ ಎದ್ರೆ ಕೆಲ್ಸ. ಇಲ್ದಿದ್ರೆ ಮನೆ ದಾರಿ ನೋಡ್ಕೋ," ಎಂದರು ಭೈರಪ್ಪ.

ಕೂತರೆ ಕೆಟ್ಟೆ ಎಂದು ಇಂಪನಾ ಭದ್ರಾವತಿವರೆಗೂ ಬಸ್ಸಿನಲ್ಲಿ ನಿಂತೇ ಬಂದಳು. ನ್ಯೂ ಟೌನಿನ ಮನೆಯಲ್ಲಿ ನಿಂತೇ ಉಂಡಳು.

"ನಿಂತ್ಕೊಂಡು ಉಣ್ಣೋಕೆ ನೀನೇನ್ ಕುದುರೆನಾ?" ಎಂದು ತಾಯಿ ಉಚ್ಚಂಗಮ್ಮ ರೇಗಿ, ಕಥೆಯೆಲ್ಲ ಕೇಳಿದ ಮೇಲೆ ಮೆತ್ತಗಾದಳು. "ಅಲ್ವೇ, ಅವತ್ತು ಆ ಹುಡುಗಿ ಓಡ್ತಾ ಬಂದು ನಿನ್ ಮಂಡಿ ಮೇಲೆ ಬಿದ್ಲಲ್ಲ, ಆಗ ನಿನ್ನ ಸಾಲಿಂದ ಹ್ಯಾಗೆ ಎಬ್ಸಿದ್ರು?"

"ಸ್ಟ್ರೆಚರಲ್ಲಿ ಎತ್ಕೊಂಡ್ ಹೋದ್ರು."

"ಖೋ ಕೊಡ್ಲಿಲ್ವಾ?"

"ಇಲ್ಲಮ್ಮ. ಯಾರೂ ಕೊಡ್ಲಿಲ್ಲ," ಎಂದವಳಿಗೆ ವರ್ಷದಿಂದ ತಡೆದಿಟ್ಟಿದ್ದ ಅಳು ಒತ್ತರಿಸಿ ಬಂತು.

ಬೆಳಗ್ಗೆ ಉಚ್ಚಂಗಮ್ಮ ಮಗಳನ್ನು ಗ್ರೌಂಡಿಗೆ ಎಳೆದುಕೊಂಡು ಹೋದಳು. ಹುಡುಗಿಯರು ಪ್ರಾಕ್ಟೀಸಿಗೆ ಸಾಲಾಗಿ ಕೂತಿದ್ದರು. ಇಂಪನಾ ತನ್ನ ಹಳೆಯ ಚೌಕದಲ್ಲಿ ಕೂತಳು. ಉಚ್ಚಂಗಮ್ಮ ಸೆರಗು ಸಿಕ್ಕಿಸಿ, ಏದುಸಿರು ಬಿಡುತ್ತ ಓಡಿ ಬಂದು ಮಗಳ ಬೆನ್ನಿಗೆ ರಪ್ಪನೆ ಬಡಿದಳು.

"ಖೋ!"

ಇಂಪನಾ ಎದ್ದಳು. ತಾಯಿ ಅದೇ ಚೌಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಹೋಗೇ, ಈ ಜಾಗ ನಾನ್ ನೋಡ್ಕೊಳ್ತೀನಿ," ಎಂದಳು.

ಇಂಪನಾ ಕಂಬದವರೆಗೆ ಓಡಿದಳು. ಕಂಬ ಸುತ್ತಿ ವಾಪಸ್ ಬರಲು ಆಟದಲ್ಲಿ ಅವಕಾಶವಿದೆ. ಅವಳ ಇಡೀ ಜೀವ ಅದನ್ನೇ ಬೇಡುತ್ತಿತ್ತು. ಹಿಂದೆ ಹುಡುಗಿಯರ ಗಲಾಟೆ ಕೇಳಿಸಿತು.

"ಆಂಟಿ, ಏಳಿ, ಪ್ರಾಕ್ಟೀಸ್ ಮಾಡ್ಬೇಕು!"

"ಖೋ ಕೊಡ್ದೆ ಹ್ಯಾಗೇಳ್ಲಿ ಮಾರಾಯ್ತಿ?"

ಇಂಪನಾ ಅಳುತ್ತಲೇ ನಕ್ಕಳು. ಕಂಬ ಮುಟ್ಟಿ, ಸುತ್ತದೆ, ನೇರವಾಗಿ ಗೇಟಿನ ಕಡೆ ನಡೆದಳು.