ಒಂದಾಳು ನಡೆಯುವಷ್ಟು ಅಗಲ

ಅಕ್ಟೋಬರಿನ ಬಿಸಿಲು, ಹೊರಟು ನಿಂತ ಅತಿಥಿಯಂತೆ, ಟ್ರೆವ್ಯಾರೊನ ಅಂಗಡಿಯ ಬಾಗಿಲಲ್ಲೇ ತಡೆದು ನಿಂತಿತ್ತು. ಒಳಗೆ ಸೈಮಾ ಹಿಮ ತೆಗೆಯುವ ಸಾಮಾನುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು. ಆಯುಧ ಆರಿಸುವವರ ಕೈಗೆ ಇರುವಂಥ ನಿಧಾನ ಅವಳ ಕೈಗಿತ್ತು.

"ನಿಮ್ಮದು ಉದ್ದ ದಾರಿ. ಅರ್ವೊನ ಟ್ರಕ್ಕಿನ ಮೂತಿಗೆ ಉಕ್ಕಿನ ಹಲಗೆ ಕಟ್ಟಿಸಿಬಿಡಿ," ಎಂದ ಟ್ರೆವ್ಯಾರೊ. "ಬೆಚ್ಚಗೆ ಒಳಗೆ ಕೂತು ತಳ್ಕೊಂಡು ಹೋಗ್ಬಹುದು."

"ತಳ್ಳಿದ್ದನ್ನ ಎಲ್ಲಿ ಹಾಕೋದು?"

"ಪಕ್ಕಕ್ಕೆ."

"ಫೆಬ್ರವರೀಲಿ?"

ಅವನು ಗಡ್ಡ ತುರಿಸಿಕೊಂಡ. "ಅಷ್ಟೊತ್ತಿಗೆ ಪಕ್ಕದ ದಿಬ್ಬ ಕಲ್ಲಾಗಿರುತ್ತೆ, ಅಲುಗೋದಿಲ್ಲ. ಅದಕ್ಕೇ ಮೊದಲನೇ ಹಿಮದಿಂದಲೇ ಹೊಲದೊಳಗೆ ದೂರ ತಳ್ಳಿ ಜಾಗ ಮಾಡಿಟ್ಕೋಬೇಕು."

"ಹೊಲ ಇಲ್ಲದೋನು?"

"ಹೊಲ ಇಲ್ಲದೋನು ಏಪ್ರಿಲ್ ತನಕ ಮನೇಲಿ ಕೂತು ಕಾಫಿ ಕುಡೀಬೇಕು!" ಅವನು ನಕ್ಕ. ಸೈಮಾ ನಗಲಿಲ್ಲ. ಕೇಳಬೇಕಾದದ್ದನ್ನು ಅವಳು ಕೇಳಿಯಾಗಿತ್ತು.

ಅವಳು ಹಿಮವನ್ನು ನುಂಗಿ ದೂರಕ್ಕೆ ಉಗುಳುವ ಕೆಂಪು ಯಂತ್ರದ ಮುಂದೆ ನಿಂತಳು. "ನಮ್ಮದು ಜಲ್ಲಿ ದಾರಿ. ಕಲ್ಲು ಹಾರಲ್ವಾ?"

"ಮೊದಲನೇ ಹಿಮ ತೆಗೀಬೇಡಿ. ತುಳಿದು ಗಟ್ಟಿ ಮಾಡಿ, ಅದರ ಮೇಲೆ ಬಿದ್ದದ್ದನ್ನಷ್ಟೇ ತೆಗೀರಿ. ಇದು ಜರುಗಿಸೋ ಜಾತಿಯಲ್ಲ, ಸೈಮಾ. ದಿಬ್ಬ ಎಷ್ಟೇ ಎತ್ತರ ಇರಲಿ, ಅದರ ಮೇಲಿಂದ ಎಸೆದು ಮರೆತುಬಿಡುತ್ತೆ."

ಎಸೆದು ಮರೆಯುವುದು ಯಂತ್ರದಿಂದ ಆಗುವ ಕೆಲಸ. ತನ್ನಿಂದ ಆಗದು ಎಂದುಕೊಳ್ಳುತ್ತಲೇ ಅವಳು ಅದನ್ನು ಕೊಂಡಳು.

ಅರ್ವೊ ಅವಳ ಗಂಡ. ವರ್ನರ್ ಅವನ ತಮ್ಮ. ಎರಡು ಮನೆಗಳಿಂದ ಹೆದ್ದಾರಿಯವರೆಗೆ ಎರಡು ದಾರಿಗಳು. ನಡುವೆ ಅರ್ವೊನ ಪಾಲಿಗೆ ಬಂದ ಹೊಲ. ವರ್ನರನ ದಾರಿಯ ಆಚೆ ಬದಿಗೆ ಸ್ಪ್ರೂಸ್ ಮರಗಳು ಗೋಡೆಯಂತೆ ನಿಂತಿದ್ದವು. ಹಲಗೆ ಕಟ್ಟಿದ ಟ್ರಕ್ ಇದ್ದದ್ದು ವರ್ನರನೊಬ್ಬನಿಗೇ. ಎರಡೂ ದಾರಿಗಳನ್ನು ಅವನೇ ಬಿಡಿಸಿ, ಹಿಮವನ್ನೆಲ್ಲ ಅಣ್ಣನ ಹೊಲಕ್ಕೆ ತಳ್ಳುತ್ತಿದ್ದ. ಆ ಹೊಲವನ್ನು ತನಗೆ ಮಾರೆಂದು ಕಳೆದ ಚಳಿಗಾಲದಲ್ಲಿ ಕೇಳಿದ, ಅರ್ವೊ ಒಲ್ಲೆನೆಂದ. ಅಂದಿನಿಂದ ವರ್ನರ್ ಒಂದು ಮಾತೂ ಹೇಳದೆ ಅಣ್ಣನ ದಾರಿ ಬಿಡಿಸುವುದನ್ನು ನಿಲ್ಲಿಸಿಬಿಟ್ಟ. ಸರೋವರದ ಕಡೆಯಿಂದ ಹಿಮ ಸುರಿದ ಒಂದು ಮುಂಜಾನೆ, ಎದೆನೋವೆಂದ ಅರ್ವೊ ಆಂಬುಲೆನ್ಸಿಗೆ ದಾರಿ ಬಿಡಿಸಲು, ಅವಳ ಮಾತು ಕೇಳದೆ, ಹಿಮ ತುಂಬಿ ತಳ್ಳುವ, ಉದ್ದ ಹಿಡಿಕೆಯ ತಗಡಿನ ದೊಡ್ಡ ಮೊರವನ್ನು ಹಿಡಿದು ಹೊರಟ. ದಾರಿಯ ನಡುವಿನ ಬರ್ಚ್ ಮರದವರೆಗೆ ಹೋದ. ಮೊರ ನಿಂತೇ ಇತ್ತು, ಅವನು ಬಿದ್ದಿದ್ದ. ಹೆದ್ದಾರಿಯಂಚಿನಲ್ಲಿ ವರ್ನರನ ಟ್ರಕ್ಕಿನ ದೀಪಗಳು ಉರಿಯುತ್ತಿದ್ದವು, ಅಲುಗದೆ.

ಆ ದೀಪಗಳನ್ನು ಸೈಮಾ ಇನ್ನೂ ಆರಿಸಿರಲಿಲ್ಲ.

ನವೆಂಬರಿನಲ್ಲಿ ಅವಳು ಹೊಲದ ಗಡಿಯುದ್ದಕ್ಕೂ ಕಿತ್ತಳೆ ಪಟ್ಟಿಯ ಗೂಟಗಳನ್ನು ಒತ್ತೊತ್ತಾಗಿ ನೆಟ್ಟಳು. ವರ್ನರ್ ಟ್ರಕ್ಕಿನ ಕಿಟಕಿ ಇಳಿಸಿದ.

"ಏನು ಸೈಮಾ, ಬಟಾಣಿ ಬಳ್ಳಿ ಹಬ್ಬಿಸ್ತೀಯಾ?"

"ಸರಿಯಾಗಿ ನೋಡ್ಕೋ. ಈ ಗೂಟದಿಂದ ಈಚೆಗೆ ನಿನ್ನದು ಒಂದು ಹಿಡಿ ಹಿಮ ಬಿದ್ರೂ ಷೆರೀಫ್‌ಗೆ ಫೋನ್ ಮಾಡ್ತೀನಿ."

"ಹೋಗಲಿ, ನಿನ್ನ ದಾರಿ ಯಾರು ಬಿಡಿಸ್ತಾರೆ? ಆ ಕೆಂಪು ಆಟಿಕೆನಾ? ಕ್ರಿಸ್‌ಮಸ್ ಹೊತ್ತಿಗೆ ನನ್ನ ಬಾಗಿಲಿಗೇ ಬರ್ತೀಯ."

"ಯಾರು ಯಾರ ಬಾಗಿಲಿಗೆ ಅಂತ ನೋಡೋಣ."

ಹಲಗೆಯನ್ನು ನಂಬಿದವರ ಅಹಂಕಾರ ವರ್ನರನದು. ಜನವರಿಯಲ್ಲಿ ಬಿಸಿಲು ಬಂದು, ತಾನೇ ದಾರಿಯ ಎರಡೂ ಬದಿಗೆ ತಳ್ಳಿದ ದಿಬ್ಬ ಕರಗಿಸುತ್ತದೆಂದು ಕಾದ. ಬಿಸಿಲು ಬಂತು, ದಿಬ್ಬದ ಮೈಯನ್ನು ನೀರಾಗಿಸಿತು. ಮರುದಿನದ ಗಾಳಿ ಆ ನೀರನ್ನು ಗಾಜು ಮಾಡಿತು. ದಿನದಿಂದ ದಿನಕ್ಕೆ ಅವನ ದಾರಿ ಕಿರಿದಾಗುತ್ತ ಬಂತು. ಫೆಬ್ರವರಿಯ ಒಂದು ಶನಿವಾರ ಅವನ ಟ್ರಕ್ ಎರಡು ದಿಬ್ಬಗಳ ನಡುವೆ ಸಿಕ್ಕಿಕೊಂಡು ಬಾಗಿಲು ಸಹ ತೆರೆಯದಾಯಿತು. ಅವನು ಕಿಟಕಿಯಿಂದ ನುಸುಳಿ ಹೊರಬಿದ್ದುದನ್ನು ಸೈಮಾ ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತ, ಅವಸರವಿಲ್ಲದೆ ನೋಡಿದಳು.

ಅವನು ಸೊಂಟದುದ್ದ ಹಿಮದಲ್ಲಿ ಹೊಲ ದಾಟಿ ಬಂದ. ಬಾಗಿಲಲ್ಲಿ ಟೋಪಿ ತೆಗೆದ.

"ಯಂತ್ರ ಒಂದ್ಸಲ ಕೊಡು ಸೈಮಾ."

"ಅರ್ವೊ ಹೋದ ದಿನ ನಿನ್ನ ಟ್ರಕ್ ಯಾಕೆ ನಿಂತಿತ್ತು?"

"ಕೆಟ್ಟಿತ್ತು."

"ದೀಪ ಉರೀತಿತ್ತು, ವರ್ನರ್."

ಅವನ ಗಡ್ಡದ ಮಂಜು ಕರಗಿ ನೆಲಕ್ಕೆ ತೊಟ್ಟಿಕ್ಕಿತು. ಅವನೆಂದ: "ಅವನೇ ಬಂದು ಕೇಳ್ಲಿ ಅಂತ ಕಾಯ್ತಿದ್ದೆ."

ಸೈಮಾ ಗೋಡೆಯಿಂದ ತಗಡಿನ ಮೊರವನ್ನು ಇಳಿಸಿ ಅವನ ಕೈಗಿಟ್ಟಳು. "ಅವನು ಹೊರಟಿದ್ದು ಇದನ್ನ ಹಿಡ್ಕೊಂಡೇ. ನೀನೂ ಹಿಡ್ಕೋ. ಯಂತ್ರ ಕೊಡಲ್ಲ."

ವರ್ನರ್ ಹೋದ. ಕಿಟಕಿಯಿಂದ ಕಾಣುವಂತೆ, ಕಲ್ಲಾದ ದಿಬ್ಬಕ್ಕೆ ಮೊರ ತಗುಲಿಸಿ, ತಗುಲಿಸಿ, ಕೊನೆಗೆ ಅದರ ಹಿಡಿಕೆಗೆ ಒರಗಿ ಎದೆ ಹಿಡಿದುಕೊಂಡ. ಅವಳು ಒಂದು ವರ್ಷದಿಂದ ಕಾದದ್ದು ಈ ದೃಶ್ಯಕ್ಕೇ. ನೋಡಿದಳು. ಸಾಕಾಗಲಿಲ್ಲ. ಅಷ್ಟು ಸುಲಭವಾಗಿ ಅವನನ್ನು ಸಾಯಗೊಡುವ ಮನಸ್ಸು ಅವಳಿಗಿರಲಿಲ್ಲ.

ಬೂಟು ಹಾಕಿಕೊಂಡು ಯಂತ್ರವನ್ನು ಹೆದ್ದಾರಿಯ ಕಡೆಯಿಂದ ಅವನ ದಾರಿಗೆ ನುಗ್ಗಿಸಿದಳು. ಹಿಮ ಬಿಳಿಯ ಕಮಾನಾಗಿ ದಿಬ್ಬದ ಮೇಲಿಂದ ಸ್ಪ್ರೂಸ್ ಮರಗಳ ಕಡೆಗೆ ಹಾರಿತು. ಟ್ರಕ್ಕಿನ ಪಕ್ಕ ಬಂದು ಯಂತ್ರ ನಿಲ್ಲಿಸಿದಳು. ಹಿಂದೆ ಉಳಿದದ್ದು ಒಂದಾಳು ನಡೆಯುವಷ್ಟು ಅಗಲದ ಸೀಳು.

"ಇನ್ನೊಂದೆರಡು ಸಲ ಓಡಿಸಿದ್ರೆ ಟ್ರಕ್ ಹೊರಗೆ ಬರುತ್ತೆ," ಎಂದ ವರ್ನರ್, ಏದುಸಿರಿನಲ್ಲಿ.

"ಬರುತ್ತೆ."

"ಮತ್ತೆ ಉಳಿದದ್ದು?"

"ಉಳಿದದ್ದು ಸೂರ್ಯನ ಕೆಲಸ."

ಆ ವರ್ಷ ಸೂರ್ಯನೂ ತಡಮಾಡಿದ. ಏಪ್ರಿಲ್ ಕಳೆಯುವ ತನಕ ವರ್ನರ್ ದಿನಸಿಯನ್ನು ಜಾರುಬಂಡಿಗೆ ಕಟ್ಟಿ, ಹಗ್ಗ ಹೆಗಲಿಗೆ ಹಾಕಿ ಎಳೆದುಕೊಂಡು ಹೋದ. ಹೊಲದಾಚೆ ಅರ್ವೊ ಬಿದ್ದ ಬರ್ಚ್ ಮರದ ನೇರಕ್ಕೆ ಬಂದಲ್ಲಿ ಪ್ರತಿ ಸಲವೂ ತಲೆ ತಗ್ಗಿಸುತ್ತಿದ್ದ. ಕಿಟಕಿಯ ಬಳಿ ಸೈಮಾ ಕಾಫಿಯ ಬಟ್ಟಲನ್ನು ಆಗ ಮಾತ್ರ ತುಟಿಗೆತ್ತುತ್ತಿದ್ದಳು.