ಮಗಳ ಚೀಲದ ಕೋಲು

ಚೆಂಡು ಮತ್ತೆ ಹಳ್ಳಕ್ಕೇ ಬಿತ್ತು. ನೆಲದಿಂದ ಮೊಣಕಾಲೆತ್ತರವೂ ಏಳದೆ ಒಣಹುಲ್ಲಿನ ಮೇಲೆ ಸರಿದುಹೋಗಿ, ಕಲ್ಲಿಗೆ ತಾಗಿ ಒಳಗೆ ಉರುಳಿತು. ದೇವೇಂದ್ರ ಕಬ್ಬಿಣತಲೆಯ ಗಾಲ್ಫ್ ಕೋಲನ್ನು ನೆಲಕ್ಕೂರಿ ಬಲಭುಜ ಹಿಡಿದುಕೊಂಡು ನಿಂತ. ಹಿಂದೆ ಮಗಳು ಪದ್ಮಶ್ರೀ ತನ್ನ ಕೋಲುಗಳ ಚೀಲ ಹೊತ್ತು ನಿಂತಿದ್ದಳು. ಅವಳು ನೋಡಿದ್ದೇ ಅವನಿಗೆ ಹೆಚ್ಚು ಕಿರಿಕಿರಿಯಾಯಿತು.

"ಗಾಳಿ ಎದುರಿಗೈತೆ," ಎಂದ.

"ಹೂಂ ನಾಯ್ನಾ," ಎಂದಳು. ಮೊಳಕಾಲ್ಮೂರಿನ ಅವರ ನೇಕಾರರ ಮನೆಯಲ್ಲಿ ಕನ್ನಡದ ಜೊತೆ ತೆಲುಗೂ ನಡೆಯುತ್ತಿತ್ತು. ಊರು ಬಿಟ್ಟು ಎಷ್ಟು ವರ್ಷವಾದರೂ ಅಪ್ಪನನ್ನು ಅವಳು ಕರೆಯುವುದು ಹಾಗೆಯೇ.

ದೇವೇಂದ್ರ ಮಗ್ಗ ಬಿಟ್ಟು ಸೇನೆ ಸೇರಿದವನು. ಅಲ್ಲಿ ಅಧಿಕಾರಿಗಳ ಕೋಲಿನ ಚೀಲ ಹೊರುತ್ತ ಗಾಲ್ಫ್ ಕಲಿತ. ನಿವೃತ್ತನಾಗಿ ಕುದಾಪುರದ ಒಂದು ಕ್ಯಾಂಪಸ್ಸಿನಲ್ಲಿ ಭದ್ರತೆಯ ಮೇಲ್ವಿಚಾರಕನಾದ ಮೇಲೆ, ದನ ಮೇಯುವ ಕಾವಲಿನ ಅಂಚಿಗೆ ಸಿಬ್ಬಂದಿಗಾಗಿ ಮಾಡಿದ್ದ ಈ ಸಣ್ಣ ಮೈದಾನದಲ್ಲಿ ಮಗಳ ಕೈಗೂ ಕೋಲು ಕೊಟ್ಟ. ಬಿರುಸು ನೆಲದಲ್ಲಿ ಹೊಡೆದು ಹೊಡೆದು ಅವಳು ವೃತ್ತಿಪರ ಆಟಗಾರ್ತಿಯೇ ಆದಳು. ಆಮೇಲೊಂದು ದಿನ ಮಣಿಕಟ್ಟು ಊದಿತು. ಜೊತೆಗಾರ್ತಿಯರ ಮಾತು ಕೇಳಿ ಚೀಲದಿಂದ ಕಬ್ಬಿಣತಲೆಯ ಉದ್ದನೆಯ ಕೋಲುಗಳಾದ ಐರನ್‌ಗಳನ್ನು ತೆಗೆದುಹಾಕಿ, ಹೊಡೆಯಲು ಸಲೀಸಾದ, ದಪ್ಪತಲೆಯ ಹೈಬ್ರಿಡ್ ಕೋಲುಗಳನ್ನು ಸೇರಿಸಿಕೊಂಡಳು. ಅಂದಿನಿಂದ ದೇವೇಂದ್ರನಿಗೆ ಅವಳ ಚೀಲ ಕಂಡರಾಗದು.

ನಿನ್ನೆ ಸಂಜೆ ಚಳ್ಳಕೆರೆಯ ಬಸ್ಸಿನಿಂದ ಇಳಿದಾಗ ಅವಳ ಮುಖ ಬಾಡಿತ್ತು. ಹೈದರಾಬಾದಿನ ಪಂದ್ಯದಲ್ಲಿ ಎರಡು ದಿನಕ್ಕೇ ಹೊರಬಿದ್ದಿದ್ದಳು. ಉಣ್ಣುವಾಗ ದೇವೇಂದ್ರ ಸುಮ್ಮನಿರಬಹುದಿತ್ತು. "ಐರನ್ ಬಿಟ್ಟಿ, ಅದ್ಕೇ ಹಿಂಗಾತು. ಕೈಲಾಗದವರ ಕೋಲು ಹಿಡಿದ್ರೆ ಆಟಾನೂ ಹಂಗೇ," ಎಂದುಬಿಟ್ಟ. ಅವಳು ಅರ್ಧಕ್ಕೇ ತಟ್ಟೆ ಎತ್ತಿಕೊಂಡು ಎದ್ದುಹೋದಳು. ಬೆಳಿಗ್ಗೆ ಅವಳ ತಾಯಿ ಗೀತಮ್ಮ, "ಒಟ್ಟಿಗೆ ಹೋಗಿ ಬರ್ರಿ, ಮನೇಲಿ ಮೂತಿ ತಿರುವಿಕೊಂಡು ಕುಂತ್ಕಬೇಡ್ರಿ," ಎಂದು ಇಬ್ಬರನ್ನೂ ಹೊರಡಿಸಿದ್ದಳು.

ದೇವೇಂದ್ರ ಇನ್ನೊಂದು ಚೆಂಡನ್ನಿಟ್ಟು ಹೊಡೆದ. ಐರನ್ನಿನ ತುದಿ ನೆಲಕ್ಕೆ ಬಡಿದು ಭುಜದವರೆಗೂ ಜುಮ್ಮೆಂದಿತು. ಚೆಂಡು ಹಿಂದಿನದರ ದಾರಿಯನ್ನೇ ಹಿಡಿಯಿತು. ಈಚೆಗೆ ಪ್ರತಿ ಭಾನುವಾರವೂ ಹೀಗೇ. ಜೊತೆಗಾಡುತ್ತಿದ್ದ ಹನುಮಂತರಾಜು ಏನೂ ಹೇಳದೆಯೇ ಬೇರೆ ಜೊತೆ ಹುಡುಕಿಕೊಂಡಿದ್ದ. ಅದನ್ನು ದೇವೇಂದ್ರ ಮನೆಯಲ್ಲಿ ಹೇಳಿರಲಿಲ್ಲ. ಅವನು ಹಳ್ಳದ ದಂಡೆಯ ಮೇಲೆ ಕುಸಿದು ಕುಳಿತ.

"ಸಾಕಾತಮ್ಮಾ. ಇನ್ನು ಮುಂದೆ ಬರಲ್ಲ ನಾನು."

ಪದ್ಮಶ್ರೀ ತನ್ನ ಚೀಲದಿಂದ ಒಂದು ಹೈಬ್ರಿಡ್ ಎಳೆದುಕೊಂಡಳು. ಅದನ್ನು ಹಿಡಿದು ಅವನ ಪಕ್ಕದಲ್ಲಿ ಕುಳಿತಳು.

"ಟೀವಿಯಾಗೆ ಗಂಡಸರ ಆಟ ನೋಡಿ ಅವರಂಗೇ ಚೀಲ ಕಟ್ಕಂಡೀಯ. ಅವರು ಬೀಸೋ ರಭಸಕ್ಕೆ ಐರನ್ನಿನಾಗೂ ಚೆಂಡು ಏಳ್ತೈತೆ. ನಿನ್ನ ರಭಸ ಈಗ ನಮ್ಮ ಹೆಂಗಸರಷ್ಟೇ ಐತೆ ನಾಯ್ನಾ, ನಮಗಿಂತ ಒಂಚೂರು ಕಮ್ಮೀನೇ. ಆಡೇ ಹೊಟ್ಟೆ ಹೊರೆಯೋ ಹೆಂಗಸರು ಇದನ್ನ ಸುಮ್ಮಸುಮ್ನೆ ಇಟ್ಕಂತಾರಾ? ಇದರ ಭಾರ ಕೆಳಗೈತೆ, ಚೆಂಡನ್ನ ತಾನೇ ಎತ್ತುತೈತೆ. ನೀನು ನೋಡಬೇಕಾಗಿದ್ದು ನಮ್ಮ ಆಟ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿ ಹೇಳಿ ಸವೆದ ಮಾತಿನಂತಿತ್ತು ಅದು. ದೇವೇಂದ್ರ ಅವಳ ಕಡೆ ನೋಡದೆಯೇ ಕೈ ಚಾಚಿದ.

"ಕೊಡು, ನೋಡಾನ."

ಅವಳು ಹೈಬ್ರಿಡ್ಡಿನ ತಲೆಗೆ ಹಾಕಿದ್ದ ಟೋಪಿ ತೆಗೆದು ಕೊಟ್ಟಳು. ಅವನು ಚೆಂಡಿನ ಮುಂದೆ ನಿಂತು, ಸರಿಯಾಗಿ ನಿಂತೆನೋ ಇಲ್ಲವೋ ತಿಳಿಯದೆ ಅವಳ ಮುಖ ನೋಡಿದ. ಮಗಳಿಗೆ ಆಟ ಹೇಳಿಕೊಟ್ಟವನು ಅವಳನ್ನು ಹಾಗೆ ನೋಡಿದ್ದು ಅದೇ ಮೊದಲು.

"ಚೆಂಡು ಇನ್ನೊಂಚೂರು ಮುಂದಕ್ಕಿರ್ಲಿ. ಎತ್ತಾಕೆ ಹೋಗಬೇಡ. ಸುಮ್ನೆ ಬೀಸು."

ಬೀಸಿದ. ಭುಜ ನೋಯಿತು, ಆದರೆ ನೆಲ ತಾಗಿದ ಜುಮ್ಮು ಬರಲಿಲ್ಲ. ಚೆಂಡು ಅವನು ಮರೆತೇಬಿಟ್ಟಿದ್ದ ಎತ್ತರಕ್ಕೆ ಏರಿ, ಹಳ್ಳ ದಾಟಿ, ಆಚೆಯ ಹುಲ್ಲಿನಲ್ಲಿ ಮೆತ್ತಗೆ ಇಳಿಯಿತು. ಇಬ್ಬರೂ ಅದನ್ನೇ ನೋಡುತ್ತಿದ್ದರು. ಅವನಿಗೆ ಸಂತೋಷವಾಯಿತು. ಅದರ ಬೆನ್ನಿಗೇ, ಇಷ್ಟು ದಿನ ಅವಳು ಒಬ್ಬಳೇ ಊರೂರು ಅಲೆದದ್ದು ನೆನಪಾಯಿತು.

"ಮಣಿಕಟ್ಟು ಹೆಂಗೈತೆ?" ಎಂದು ಕೇಳಿದ.

ಪದ್ಮಶ್ರೀ ಮಣಿಕಟ್ಟನ್ನು ತಿಕ್ಕಿಕೊಂಡಳು. "ಚಳಿಗೆ ನೋಯ್ತೈತೆ," ಎಂದಳು. "ಬರೋ ತಿಂಗಳು ಕೊಯಮತ್ತೂರಾಗೆ ಆಟ ಐತೆ. ಹೋಗ್ಲೋ ಬ್ಯಾಡೋ ತಿಳೀವಲ್ದು. ಸುಸ್ತಾಗೈತೆ ನಾಯ್ನಾ."

"ಬ್ಯಾಡನ್ಸಿದ್ರೆ ಬಿಟ್ಬಿಡು. ನಾನೇನೂ ಅನ್ನಲ್ಲ." ಹೈಬ್ರಿಡ್ಡನ್ನು ಅವಳ ಚೀಲಕ್ಕೆ ಇಳಿಸುತ್ತ, "ಹೋಗಾದಾದ್ರೆ ನಾನೂ ಬರ್ತೀನಿ, ಚೀಲ ಹೊರಾಕೆ," ಎಂದ.

"ಆ ಭುಜ ಇಟ್ಕಂಡಾ?"

"ಇನ್ನೊಂದು ಐತಲ್ಲ."

ಅವಳು ನಗಲಿಲ್ಲ. ಆದರೆ ಅವನ ಪಕ್ಕಕ್ಕೆ ಇನ್ನಷ್ಟು ಸರಿದು ನಿಂತಳು.

ಹಳ್ಳ ದಾಟಬೇಕೆನ್ನುವಷ್ಟರಲ್ಲಿ ಕಾವಲಿನ ಕಡೆಯಿಂದ ಅಮೃತಮಹಲ್ ದನಗಳು ಮೈದಾನಕ್ಕೆ ಇಳಿದವು. ಕಾಯುವವನ ಕೂಗು ದೂರದಲ್ಲೆಲ್ಲೋ ಕೇಳುತ್ತಿತ್ತು. ಅಪ್ಪ ಮಗಳು ದನಗಳು ಹಾದುಹೋಗಲೆಂದು ಕಾದು ನಿಂತರು. ಆಚೆಯ ಹುಲ್ಲಿನಲ್ಲಿ ಒಂದು ಕರು ಮೂತಿ ತಗ್ಗಿಸಿ ಬಿಳಿ ಚೆಂಡನ್ನು ಮೂಸಿತು, ಮತ್ತೆ ತಾಯಿಯ ಹಿಂದೆ ನಡೆಯಿತು.